ಬುಡದ ಮಣ್ಣು

ಪುಣೆಯ ಆ ಮನೆಯ ಬಾಲ್ಕನಿಯಲ್ಲಿ ಹನ್ನೊಂದು ಕುಂಡಗಳಿದ್ದವು. ಎರಡರಲ್ಲಿ ಮಲ್ಲಿಗೆ, ಎರಡರಲ್ಲಿ ದಾಸವಾಳ, ಒಂದರಲ್ಲಿ ತುಳಸಿ, ಒಂದರಲ್ಲಿ ಕರಿಬೇವು. ಉಳಿದವುಗಳಲ್ಲಿ, ನರ್ಸರಿಯವನು ಹೇಳಿದ ಹೆಸರು ಮನೆ ತಲುಪುವಷ್ಟರಲ್ಲಿ ಮರೆತುಹೋಗಿದ್ದ ಎಲೆಗಿಡಗಳು. ಕಲಘಟಗಿ ತಾಲೂಕಿನ ಹಳ್ಳಿಯಿಂದ ಮಗನ ಮನೆಗೆ ಬಂದ ಮೂರನೆಯ ದಿನ ತಾಯಿ ಮಲ್ಲಿಗೆಯ ಕುಂಡದೊಳಗೆ ಬೆರಳು ತೂರಿಸಿ, ಒಂದು ಚಿಟಿಕೆ ತೆಗೆದು, ಅಂಗೈಯಲ್ಲಿ ತಿಕ್ಕಿ ನೋಡಿದರು. "ಇದು ಮಣ್ಣಲ್ಲವಾ, ತೆಂಗಿನ ನಾರು" ಎಂದರು ಸೊಸೆಗೆ. "ಗಿಡಕ್ಕ ಗಾದಿ ಹಾಸೀರಿ. ಊಟ ಎಲ್ಲಿ ಇಟ್ಟೀರಿ?"

ಮಾತು ಚುರುಕಾಗಿತ್ತು, ಮುಕ್ಕಾಲು ಪಾಲು ನಿಜವೂ ಆಗಿತ್ತು. ಕೋಕೋಪೀಟ್ ತನ್ನ ತೂಕದ ಎಷ್ಟೋ ಪಟ್ಟು ನೀರು ಹಿಡಿಯುತ್ತದೆ, ಬೇರಿಗೆ ಹರಡಲು ಸಲೀಸು, ಆರನೆಯ ಮಹಡಿಗೆ ಹೊತ್ತೊಯ್ಯಲು ಹಗುರ. ಆದರೆ ಗಿಡಕ್ಕೆ ಬೇಕಾದ ಸಾರ ಅದರಲ್ಲಿ ಹೆಚ್ಚೇನೂ ಇಲ್ಲ. ಹೊರಗಿನಿಂದ ಹಾಕುತ್ತಲೇ ಇರಬೇಕು. ಸೊಸೆ ಹಾಕುತ್ತಿರಲಿಲ್ಲ. ಬೆಳಿಗ್ಗೆ ಎಂಟೂವರೆಗೆ ಕೆಲಸಕ್ಕೆ ಹೊರಟು ರಾತ್ರಿ ಎಂಟಕ್ಕೆ ಮರಳುವವರು ನೀರು ಹಾಕಿದರೇ ಹೆಚ್ಚು.

"ಹುತ್ತದ ಮಣ್ಣು ಒಂದು ಚೀಲ ಸಿಕ್ಕಿದ್ರ ಸಾಕಿತ್ತು" ಎಂದರು ತಾಯಿ.

ಸೊಸೈಟಿಯ ಮಾಳಿಯನ್ನು ಕೇಳಿದರೆ ಅವನಿಗೆ ಮೊದಲು ಅರ್ಥವಾಗಲಿಲ್ಲ. ಮೊಮ್ಮಗಳು 'ವಾರೂಳ' ಎಂದ ಮೇಲೆ ನಕ್ಕ. ಟೇಕಡಿಯ ಮೇಲೆ ಬೇಕಾದಷ್ಟಿವೆ, ಆದರೆ ಅದು ಅರಣ್ಯ ಇಲಾಖೆಯ ಜಾಗ, ಗುದ್ದಲಿ ಹಿಡಿದು ಹೋದರೆ ಕಾವಲಿನವನು ಹಿಡಿಯುತ್ತಾನೆ ಎಂದ. ಮರಾಠಿಯ ಮಾತು ಬೇರೆ, ಸುತ್ತಲಿನ ಹಲವು ಭಾಷೆಗಳಲ್ಲಿ ಈ ಹೆಸರಿಗೆ ಒಂದೇ ಬೇರು. ಹಳಗನ್ನಡದ ಪುತ್ತು, ತಮಿಳಿನ ಪುಟ್ರು, ತೆಲುಗಿನ ಪುಟ್ಟ, ತುಳುವಿನ ಪುಂಚ ಎಲ್ಲವೂ ಒಂದೇ ಮನೆಯ ಮಕ್ಕಳು. ಸಂಸ್ಕೃತದ ವಲ್ಮೀಕದಿಂದ ವಾಲ್ಮೀಕಿ ಬಂದ. ತಿರುವಾರೂರಿನ ಶಿವನಿಗೆ ವನ್ಮೀಕನಾಥ ಎಂದೇ ಹೆಸರು. ಇಂಗ್ಲಿಷಿನವರು ಮಾತ್ರ ಬಹುಕಾಲ ಗೆದ್ದಲನ್ನು 'ಬಿಳಿ ಇರುವೆ' ಎನ್ನುತ್ತಿದ್ದರು. ಗೆದ್ದಲಿಗೂ ಇರುವೆಗೂ ಹತ್ತಿರದ ನೆಂಟಸ್ತಿಕೆಯಿಲ್ಲ, ಅದು ಜಿರಳೆಯ ಕುಲದ್ದು.

ತಾಯಿಯ ಮನಸ್ಸಿನಲ್ಲಿದ್ದದ್ದು ಯಾವುದೋ ಒಂದು ಹುತ್ತವಲ್ಲ. ಊರಿನ ಎರಡೂವರೆ ಎಕರೆ ಮಸಾರಿ ಹೊಲದ ಬದುವಿನಲ್ಲಿ, ಬೇವಿನ ಮರದ ಕೆಳಗೆ, ಎದೆಯೆತ್ತರಕ್ಕೆ ಬೆಳೆದಿದ್ದ ಕೆಂಪು ಹುತ್ತ. ಮದುವೆಯಾಗಿ ಬಂದ ವರ್ಷದಿಂದ ಪ್ರತಿ ಪಂಚಮಿಗೂ ಅದಕ್ಕೇ ಹಾಲೆರೆದಿದ್ದರು, ಮನೆಯ ಒಬ್ಬೊಬ್ಬರ ಹೆಸರಿನಲ್ಲಿ ಒಂದೊಂದು ಪಾಲು. ಗಂಡ ತೀರಿಕೊಂಡ ಮೇಲೂ ಅವರ ಪಾಲನ್ನು ಬಿಟ್ಟಿರಲಿಲ್ಲ. ಕಳೆದ ಮಾಘದಲ್ಲಿ ಹೊಲ ಮಾರಾಟವಾಗಿತ್ತು. ಕೊಂಡವನು ಎನ್‌ಎ ಮಾಡಿಸಿ ಪ್ಲಾಟು ಹಾಕುವವನಿದ್ದ. ಬಾಕಿ ಹಣದ ಕೊನೆಯ ಕಂತಿಗೂ ಉತಾರದ ಕೆಲಸಕ್ಕೂ ಮೇ ತಿಂಗಳಲ್ಲಿ ಮಗ ಊರಿಗೆ ಹೊರಟಾಗ, ತಾಯಿ ಕಾರಿನ ಹತ್ತಿರದವರೆಗೂ ಇಳಿದು ಬಂದು ಖಾಲಿ ಗೊಬ್ಬರದ ಚೀಲವೊಂದನ್ನು ಮಡಚಿ ಕೊಟ್ಟರು.

"ಬುಡದಾಗಿಂದಷ್ಟ ತಗೊಂಬಾ ತಮ್ಮಾ. ಮಳಿಗೆ ಕರಗಿ ಬಿದ್ದಿರತೈತಲ್ಲ, ಅದು. ಮ್ಯಾಲಿಂದ ಮುಟ್ಟಬ್ಯಾಡ. ಯಾರರ ಔಷಧಾ ಸುರುವ್ಯಾರೇನು ಕೇಳಿ ತಗೊ."

ಔಷಧದ ಮಾತು ವ್ಯವಹಾರದ್ದು. ಗೆದ್ದಲು ಕಂಡಲ್ಲಿ ಕ್ಲೋರ್‌ಪೈರಿಫಾಸ್ ಸುರಿಯುವುದು ಹಳ್ಳಿಗಳಲ್ಲಿ ಈಗ ಮಾಮೂಲು. ಅಂಥ ಮಣ್ಣನ್ನು ಕರಿಬೇವಿನ ಕುಂಡಕ್ಕೆ ಹಾಕಬಾರದು. ಬುಡದ ಮಾತು ಮಾತ್ರ ಮಗನಿಗೆ ಮಡಿ-ಮೈಲಿಗೆಯ ಲೆಕ್ಕದ್ದೆನಿಸಿತು. ಅದು ಹಾಗಿರಲಿಲ್ಲ, ಅಥವಾ ಅಷ್ಟೇ ಆಗಿರಲಿಲ್ಲ.

ದಕ್ಷಿಣದ ಬಯಲಿನಲ್ಲಿ ಎತ್ತರದ ಹುತ್ತ ಕಟ್ಟುವವು ಹೆಚ್ಚಾಗಿ ಓಡಂಟೋಟರ್ಮಿಸ್ ಕುಲದ ಗೆದ್ದಲುಗಳು. ಅವು ಮೇಲ್ಮಣ್ಣನ್ನು ಬಳಸುವುದು ಕಡಿಮೆ. ನೆಲದಾಳದಿಂದ ಜಿಗುಟು ಮಣ್ಣನ್ನು ಬಾಯಲ್ಲಿ ಕಚ್ಚಿ ತಂದು, ಜೊಲ್ಲಿನಲ್ಲಿ ನೆನೆಸಿ, ಸಣ್ಣ ಉಂಡೆ ಮಾಡಿ ಒಂದರ ಮೇಲೊಂದು ಒತ್ತುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಈ ಉಂಡೆಗಳ ಮೇಲೆ ಚೆಂದದ ಕೆಲಸ ನಡೆದಿದೆ. ಮಣ್ಣಿನ ಹದ ಎಷ್ಟಿರಬೇಕೆಂದು ಗೆದ್ದಲಿಗೆ ಕುಂಬಾರನಷ್ಟೇ ಖಚಿತವಾಗಿ ಗೊತ್ತು. ಒಣಗಿದ ಗೋಡೆ ಗೆದ್ದಲು ಮುಟ್ಟದ ಅದೇ ಮಣ್ಣಿಗಿಂತ ಹಲವು ಪಟ್ಟು ಗಟ್ಟಿ. ಆಳದ ಜಿಗುಟು ಮೇಲೆ ಬರುವುದರಿಂದಲೇ ಹುತ್ತದ ಮಣ್ಣಿಗೆ ಬೆಲೆ. ಜಿಗುಟಿಗೆ ಸುಣ್ಣ, ಪೊಟ್ಯಾಷ್, ಮೆಗ್ನೀಷಿಯಂ ಅಂಟಿಕೊಂಡಿರುತ್ತವೆ, ಮಳೆಗೆ ಸುಲಭವಾಗಿ ತೊಳೆದುಹೋಗುವುದಿಲ್ಲ. ಮರಳು ಮಿಶ್ರಿತ ಬಡ ಹೊಲಗಳಿರುವ ಜಿಂಬಾಬ್ವೆಯಲ್ಲಿ, ಲಾವೋಸಿನಲ್ಲಿ, ಥಾಯ್ಲೆಂಡಿನ ಈಶಾನ್ಯದಲ್ಲಿ ರೈತರು ಹುತ್ತ ಒಡೆದು ಹೊಲಕ್ಕೆ ಹರಡುವುದುಂಟು. ಧಾರವಾಡದ ಕಡೆ ಕೆರೆಯ ಹೂಳು ಹೊಡೆಯುವ ಹಾಗೆ.

ಆದರೆ ಗೋಡೆಯ ಮಣ್ಣು ಗೊಬ್ಬರವಲ್ಲ. ಕೊಳೆತ ಎಲೆ, ಸಗಣಿಯ ಅಂಶ ಅದರಲ್ಲಿ ಸಾಮಾನ್ಯವಾಗಿ ಕಡಿಮೆಯೇ. ಅದನ್ನೇ ಕುಂಡಕ್ಕೆ ತುಂಬಿದರೆ ನೀರು ಹಾಕಿದಾಗ ಕೆಸರು, ಬಿಸಿಲಿಗೆ ಇಟ್ಟಿಗೆ. ಆಸ್ಟ್ರೇಲಿಯಾದ ಒಳನಾಡಿನಲ್ಲಿ ಈ ಮಣ್ಣನ್ನೇ ಬಡಿದು ಟೆನಿಸ್ ಅಂಗಳ ಮಾಡುತ್ತಾರೆ ಎಂದರೆ ಅದರ ಗುಣ ತಿಳಿಯುತ್ತದೆ. ಬುಡದಲ್ಲಿ ಬಿದ್ದದ್ದು ಬೇರೆ. ಮಳೆಯಲ್ಲಿ ಗೋಡೆ ಸವೆದು ಸುತ್ತಲೂ ಒಂದು ಅಂಚಿನಂತೆ ಹರಡಿಕೊಂಡಿರುತ್ತದೆ. ಅದರಲ್ಲಿ ಹುಲ್ಲು ಬೆಳೆದು ಒಣಗಿರುತ್ತದೆ, ಎಲೆ ಬಿದ್ದು ಕೊಳೆತಿರುತ್ತದೆ, ದನ ಸಗಣಿ ಹಾಕಿರುತ್ತವೆ, ಎರೆಹುಳು ಓಡಾಡಿರುತ್ತದೆ. ಕುಂಡಕ್ಕೆ ಬೇಕಾದ್ದು ಅದೇ. ತಾಯಿ ಇದನ್ನೆಲ್ಲ ಹೀಗೆ ಬಿಡಿಸಿ ಹೇಳಲಿಲ್ಲ. ಅವರ ಲೆಕ್ಕ ಚಿಕ್ಕದು: ಹೊರಗೆ ಬಿದ್ದದ್ದನ್ನು ತೆಗೆದುಕೊಳ್ಳಬಹುದು, ಮನೆಯನ್ನು ಮುರಿಯಬಾರದು.

ಆ ಲೆಕ್ಕ ಹೊರಬಿದ್ದದ್ದು ಮೊಮ್ಮಗಳ ಇಂಗ್ಲಿಷ್ ಪಾಠದಿಂದ. ಮಗ ಊರಿಗೆ ಹೋದ ದಿನ ಅವಳು ಪಾಠದಲ್ಲಿದ್ದ 'ಮೋಲ್‌ಹಿಲ್' ಎಂದರೇನು ಎಂದು ಕೇಳಿದಳು. (ಆ ಮನೆಯಲ್ಲಿ ಅಜ್ಜಿಗೆ 'ಆಯಿ' ಎನ್ನುತ್ತಾರೆ. ಪುಣೆಯಲ್ಲಿ ಆಯಿ ಎಂದರೆ ತಾಯಿ. ಹುಡುಗಿಯ ಗೆಳತಿಯರಿಗೆ ಈ ಗೊಂದಲ ಇನ್ನೂ ಬಗೆಹರಿದಿಲ್ಲ.) ಸಣ್ಣದನ್ನು ದೊಡ್ಡದು ಮಾಡುವುದಕ್ಕೆ ಮರಾಠಿಯವರು ಸಾಸಿವೆಯನ್ನು ಪರ್ವತ ಮಾಡುತ್ತಾರೆ, ಕನ್ನಡಿಗರು ಕಡ್ಡಿಯನ್ನು ಗುಡ್ಡ ಮಾಡುತ್ತಾರೆ, ಇಂಗ್ಲಿಷಿನವರು ಮೋಲ್ ಎಂಬ ಪ್ರಾಣಿ ಎಬ್ಬಿಸಿದ ಮಣ್ಣಿನ ಗುಪ್ಪೆಯನ್ನು. ಕನ್ನಡ ನಾಡಿನಲ್ಲಿ ಈ ಪ್ರಾಣಿ ಇಲ್ಲ, ಅದಕ್ಕೆ ಬಾಯಿಮಾತಿನಲ್ಲಿ ಹೆಸರೂ ಇಲ್ಲ. ಅದು ಇಲಿಯಲ್ಲ, ಎರೆಹುಳು ತಿಂದು ಬದುಕುವ, ಕಪ್ಪು ಮಕಮಲ್ಲಿನಂಥ ತುಪ್ಪಳದ, ಸಲಿಕೆಯಂಥ ಮುಂಗಾಲಿನ ಸಣ್ಣ ಜೀವ. ನೆಲದೊಳಗೆ ಸುರಂಗ ತೋಡುತ್ತ, ಬೇಡದ ಮಣ್ಣನ್ನು ಮೇಲಕ್ಕೆ ನೂಕುತ್ತದೆ. ಹುಲ್ಲುಹಾಸು ಹಾಳಾಯಿತೆಂದು ಬೈಯುವ ಇಂಗ್ಲೆಂಡಿನ ತೋಟದವರೇ ಆ ಗುಪ್ಪೆಗಳನ್ನು ಬಕೆಟ್ಟಿಗೆ ತುಂಬಿಕೊಂಡು ಹೋಗುತ್ತಾರೆ. ಆಳದ ಮಣ್ಣಾದ್ದರಿಂದ ಕಳೆಯ ಬೀಜ ಕಡಿಮೆ, ಉಗುರಲ್ಲಿ ಪುಡಿ ಮಾಡಿದಷ್ಟು ನಯ. ಎಲೆಗೊಬ್ಬರ, ಮರಳು ಬೆರೆಸಿದರೆ ಕುಂಡಕ್ಕೆ ಸಿದ್ಧ.

ಹುಡುಗಿ ಇದನ್ನು ಹೇಳಿದಾಗ ಆಯಿ ಕೇಳಿದ್ದು ಒಂದೇ ಪ್ರಶ್ನೆ. "ಅದು ಅದರ ಮನಿಯೋ, ಒಗದದ್ದೋ?"

"ಒಗದದ್ದು. ಮನಿ ಕೆಳಗಿರ್ತದ."

"ಹಂಗಾರ ತಗೋಬಹುದು."

ಇರುವೆ ತನ್ನ ಗೂಡಿನ ಬಾಯಿಯ ಸುತ್ತ ಸುರಿದ ಕಾಳುಮಣ್ಣನ್ನು ತೆಗೆದುಕೊಳ್ಳಬಹುದು. ಎರೆಹುಳದ ಹಿಕ್ಕೆಯನ್ನು ತೆಗೆದುಕೊಳ್ಳಬಹುದು. ಒಣ ಕಡ್ಡಿಯ ಮೇಲೆ ಗೆದ್ದಲು ಬಳಿದು ಬಿಟ್ಟುಹೋದ ಮಣ್ಣಿನ ಹೊದಿಕೆಯನ್ನೂ ಉದುರಿಸಿಕೊಳ್ಳಬಹುದು. ಹುತ್ತ ಮಾತ್ರ ಹಾಗಲ್ಲ, ಅದು ಎಸೆದ ಮಣ್ಣಲ್ಲ, ನಿಲ್ಲಿಸಿದ ಗೋಡೆ. ಹಾವಿನ ಭಯ, ನಾಗಪ್ಪನ ಭಕ್ತಿ ಈ ನಿಷೇಧಕ್ಕೆ ಬಲ ಕೊಟ್ಟಿರಬಹುದು. ಆದರೆ ಆ ಮಧ್ಯಾಹ್ನ ಅಜ್ಜಿ ಮೊಮ್ಮಗಳಿಗೆ ಹೇಳಿದ್ದರಲ್ಲಿ ಹಾವು ಬರಲೇ ಇಲ್ಲ.

ಅದೇ ಹೊತ್ತಿಗೆ ಹೊಲದ ಬದುವಿನಲ್ಲಿ ಒಂದು ಜೆಸಿಬಿ ಬಂದು ನಿಂತಿತ್ತು. ಬೇಲಿಯ ಕಳ್ಳಿ, ಬದುವಿನ ಕಲ್ಲು, ಎರಡು ಜಾಲಿಮರ ಆಗಲೇ ಹೋಗಿದ್ದವು. ಬೇವಿನ ಹತ್ತಿರ ಬಂದು ಚಾಲಕ ಎಂಜಿನ್ ಬಂದ್ ಮಾಡಿದ್ದ. "ಸಾಹೇಬ್ರ, ಗಿಡ ಹೇಳ್ರಿ ಕೀಳ್ತೀನಿ, ಕಲ್ಲು ಹೇಳ್ರಿ ಸರಸ್ತೀನಿ. ಇದಕ್ಕ ಪೂಜಿ ಆಗದ ಬಕೆಟ್ ಹಚ್ಚೂದಿಲ್ರಿ" ಎಂದು ಕೊಂಡವನಿಗೆ ಹೇಳಿದನಂತೆ. ಕೊಂಡವನು ತಕರಾರು ಮಾಡಲಿಲ್ಲ. ಮರುದಿನ ಬೆಳಿಗ್ಗೆ ಅಯ್ಯನವರನ್ನು ಕರೆಸುವುದೆಂದಾಯಿತು. ಉತ್ತರ ಕರ್ನಾಟಕದಲ್ಲಿ ರಸ್ತೆ, ಕಾಲುವೆ ಮಾಡಿಸಿದ ಯಾವ ಗುತ್ತಿಗೆದಾರನನ್ನು ಕೇಳಿದರೂ ಇಂಥದ್ದೊಂದು ಕತೆ ಹೇಳುತ್ತಾನೆ.

ಸಂಜೆ ಐದಕ್ಕೆ ಮಗ ಚೀಲ ಹಿಡಿದು ಅಲ್ಲಿಗೆ ಹೋದಾಗ ಯಾರೂ ಇರಲಿಲ್ಲ. ಬುಡದ ಮಣ್ಣನ್ನು ಕೈಯಿಂದಲೇ ಕೆರೆದು ಕೆರೆದು ತುಂಬಿದ. ಬೇಸಿಗೆಯಲ್ಲಿ ಅದು ಗಟ್ಟಿಯಾಗಿತ್ತು, ಜೆಸಿಬಿಯ ಗಾಲಿ ಒಂದು ಮಗ್ಗುಲನ್ನು ತುಳಿದಿತ್ತು. ಕಾಲು ಚೀಲವೂ ಆಗಲಿಲ್ಲ. ಹೇಗೂ ನಾಳೆ ಬೆಳಿಗ್ಗೆ ಪೂಜೆಯ ಹೆಸರಿನಲ್ಲಿ ಎರಡು ತೆಂಗಿನಕಾಯಿ ಒಡೆದು ಎಲ್ಲವನ್ನೂ ನೆಲಸಮ ಮಾಡುತ್ತಾರೆ. ಪಕ್ಕದ ಹೊಲದವರ ಗುಡಿಸಲಿನ ಗೋಡೆಗೆ ಗುದ್ದಲಿ ಒರಗಿತ್ತು.

ಮೊದಲ ಎರಡು ಏಟು ಪುಟಿದವು. ಮೂರನೆಯದಕ್ಕೆ ಒಂದು ಹೆಂಚಿನಷ್ಟು ತುಂಡು ಬಿತ್ತು, ಆಮೇಲೆ ಸಲೀಸು. ಒಳಗಿನಿಂದ ಬೆಚ್ಚನೆಯ ಹಸಿ ಗಾಳಿ ಮುಖಕ್ಕೆ ಬಂತು, ಮಳೆಗಾಲದ ಅಣಬೆಯ ವಾಸನೆ. ಗೂಡುಗೂಡುಗಳಲ್ಲಿ ಅಕ್ರೋಡಿನ ತಿರುಳಿನಂತೆ ಸುರುಳಿಯಾದ ಕಂದು ತುಂಡುಗಳು, ಅವುಗಳ ಮೇಲೆ ಸಾಬೂದಾಣಿಯ ಪುಡಿಯಂತೆ ಬಿಳಿ ಚುಕ್ಕೆ. ಅದು ಗೆದ್ದಲಿನ ಹೊಲ. ಅಗಿದ ಎಲೆ-ಕಡ್ಡಿಯನ್ನು ಹಾಸಿ, ಅದರ ಮೇಲೆ ಟರ್ಮಿಟೋಮೈಸಿಸ್ ಎಂಬ ಶಿಲೀಂಧ್ರವನ್ನು ಬೆಳೆದು ತಿನ್ನುತ್ತವೆ. ಮುಂಗಾರಿನಲ್ಲಿ ಹುತ್ತದ ಮೇಲೆ ಏಳುವ ಅಣಬೆ ಅದರದ್ದೇ. ಬಿಳಿ ಹುಳುಗಳು ಗಾಬರಿಯಿಂದ ಒಳಸರಿದವು, ಕಂದು ತಲೆಯ ಕಾವಲಿನವು ಅಂಚಿಗೆ ಬಂದು ನಿಂತವು. ಅವನು ಚೀಲ ತುಂಬಿ, ಬಾಯಿ ಕಟ್ಟಿ, ಗುದ್ದಲಿಯನ್ನು ಇದ್ದಲ್ಲೇ ಒರಗಿಸಿ ಮರಳಿ ಬಂದು ನೋಡುವಷ್ಟರಲ್ಲಿ, ಒಡೆದ ಅಂಚಿನಲ್ಲಿ ಹಸಿ ಮಣ್ಣಿನ ಸಣ್ಣ ಉಂಡೆಗಳು ಸಾಲುಗಟ್ಟತೊಡಗಿದ್ದವು. ಬೆಳಿಗ್ಗೆ ಅಯ್ಯನವರು ಬಂದಾಗ ಮುರಿದ ಹುತ್ತವನ್ನು ನೋಡಿ ಏನೆಂದರೋ. ಅಷ್ಟು ಹೊತ್ತಿಗೆ ಕಾರು ಪುಣೆ ಸೇರಿತ್ತು.

ತಾಯಿ ಬಾಲ್ಕನಿಯಲ್ಲಿ ತಾಡಪತ್ರಿ ಹಾಸಿ ಚೀಲ ಸುರುವಿದರು. ಸಾಣಿಗಿ ಹಿಡಿದು ಕುಳಿತವರು ಎರಡನೆಯ ಬೊಗಸೆಗೇ ನಿಂತರು. ಕಂದು ಬಣ್ಣದ ಸುರುಳಿ ತುಂಡೊಂದು ಕೈಗೆ ಬಂದಿತ್ತು.

"ಇದು ಬುಡದಾಗ ಇರೂದಿಲ್ಲಲ್ಲ?"

ಮಗ ಮೊಬೈಲಿನಿಂದ ತಲೆ ಎತ್ತಿದ. "ಮುಂಜಾನೆ ಜೆಸಿಬಿ ಹಚ್ಚವರಿದ್ರವಾ. ಹೆಂಗೂ ಕೆಡವ್ತಿದ್ರು."

"ಕೆಡವೋರು ಕೆಡವ್ತಾರ. ನಾವ್ಯಾಕ ಅವರಕಿಂತ ಮೊದಲ ಕೆಡವೂದು?"

ಅವನು ಉತ್ತರ ಕೊಡಲಿಲ್ಲ. ಅವರು ತುಂಡನ್ನು ತಾಡಪತ್ರಿಯ ಅಂಚಿಗೆ ಇಟ್ಟು, ಕೈ ಝಾಡಿಸಿಕೊಂಡು, ಮೆಲ್ಲನೆ ಹೇಳಿದರು: "ಹೊಲಾನೂ ಹಿಂಗ ಮಾರಿದಿ. ಹೆಂಗೂ ಹೋಗತೈತಿ ಅಂತ."

ಹೊಲ ಮಾರಿದಾಗ ಅವರು ಒಂದು ಮಾತನ್ನೂ ಆಡಿರಲಿಲ್ಲ, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ತೋರಿಸಿದಲ್ಲಿ ಸಹಿ ಹಾಕಿದ್ದರು. ಮಗನ ಪಕ್ಷದಲ್ಲಿ ಹೇಳಬೇಕಾದ್ದು ಇಲ್ಲವೆಂದಲ್ಲ. ಪಾಲಿಗೆ ಮಾಡುವವರು ಸಿಗುತ್ತಿರಲಿಲ್ಲ, ತಾಯಿ ಒಬ್ಬರೇ ಇರುವಂತಿರಲಿಲ್ಲ, ಮಗಳ ಓದಿನ ಖರ್ಚು ಎದುರಿಗಿತ್ತು. ರಸ್ತೆ ಅಗಲವಾದ ಮೇಲೆ ಸುತ್ತಲಿನ ಹೊಲಗಳೆಲ್ಲ ಹೋಗುತ್ತವೆ ಎಂಬ ಅವನ ಅಂದಾಜೂ ಇರಬಹುದು. ಆದರೂ ಆ ಸಾಲಿನಲ್ಲಿ ಮೊದಲು ಮಾರಿದ್ದು ಅವನೇ, ಉಳಿದವರು ಇನ್ನೂ ಮಾರಿರಲಿಲ್ಲ. ತಾಯಿ ಆಡಿದ್ದು ಅಷ್ಟೇ ಮಾತು. ಆ ರಾತ್ರಿ ರೊಟ್ಟಿಗೆ ಹಿಟ್ಟು ನಾದಿದರು, ಬಡಿದರು, ಬಡಿಸಿದರು. ಅವನೊಡನೆ ಮಾತಾಡಲಿಲ್ಲ. ಮರುದಿನವೂ.

ಚೀಲದ ತಳದಲ್ಲಿದ್ದ ಬುಡದ ಮಣ್ಣನ್ನು ಬೇರೆ ಮಾಡಿ, ಒಂದು ಬುಟ್ಟಿಗೆ ನಾಲ್ಕು ಬುಟ್ಟಿಯಂತೆ ಹಳೆಯ ಕುಂಡದ ನಾರು, ಹಳೆ ಸಗಣಿಗೊಬ್ಬರ ಕೂಡಿಸಿ ಮಲ್ಲಿಗೆಯ ಎರಡೂ ಕುಂಡ ತುಂಬಿದರು. ಮುರಿದ ಮಣ್ಣನ್ನು ಮತ್ತೆ ಚೀಲಕ್ಕೆ ತುಂಬಿ ಮೂಲೆಗಿಟ್ಟರು. ಅದನ್ನು ಎಸೆಯಲೂ ಇಲ್ಲ, ಬಳಸಲೂ ಇಲ್ಲ.

ಸುದ್ದಿ ಹೇಗೋ ಹರಡಿತು. ನಾಲ್ಕನೆಯ ಮಹಡಿಯವರು ತಮ್ಮ ಸಾಗವಾನಿ ಬಾಗಿಲುಗಳ ಚಿಂತೆಯನ್ನು ಸೊಸೈಟಿಯ ವಾಟ್ಸ್ಯಾಪ್ ಗುಂಪಿನಲ್ಲಿ ತೋಡಿಕೊಂಡರು. ಸೆಕ್ರೆಟರಿ ಮೇಲೆ ಬಂದು ಚೀಲ ನೋಡಿ ಹೋದರು. ರಾಣಿಯಿಲ್ಲದೆ, ಗೂಡಿನ ತೇವವಿಲ್ಲದೆ ಆ ಹುಳುಗಳು ಕೆಲವೇ ದಿನಗಳಲ್ಲಿ ಸಾಯುತ್ತವೆ; ಚೀಲದ ಮಣ್ಣಿನಿಂದ ಹೊಸ ಹುತ್ತ ಏಳುವುದಿಲ್ಲ. ಆ ವೇಳೆಗೆ ಅವೆಲ್ಲ ಸತ್ತೂ ಆಗಿತ್ತು. ಮಗ ಗುಂಪಿನಲ್ಲಿ ಇದನ್ನು ಮೂರು ಸಾಲಿನಲ್ಲಿ ಬರೆದ. ಬರೆದ ಮೇಲೆ ಬಹಳ ಹೊತ್ತು ಬಾಲ್ಕನಿಯ ಬಾಗಿಲಲ್ಲಿ ನಿಂತಿದ್ದ.

ಜೂನಿನ ಮೊದಲ ಮಳೆ ಚೀಲವನ್ನು ನೆನೆಸಿತು. ನಾಲ್ಕೈದು ದಿನಕ್ಕೆ ಅದರ ಹರಕಿನಿಂದ ಬೂದು-ಕಪ್ಪು ಕಡ್ಡಿಗಳು, ತುದಿಯಲ್ಲಿ ಬಿಳುಪು, ಬೆರಳಿನಂತೆ ಹೊರಬಂದವು. ಮೊಮ್ಮಗಳು ಅಣಬೆ ಬಂತೆಂದು ಕುಣಿದಳು. ಆಯಿ ನೋಡಿ, ಇದು ತಿನ್ನುವ ಅಣಬೆಯಲ್ಲ ಎಂದರು. ಅದು ಸೈಲೇರಿಯಾ ಎಂಬ ಬೇರೆಯೇ ಶಿಲೀಂಧ್ರ. ಗೆದ್ದಲುಗಳಿರುವವರೆಗೆ ಅದು ತಲೆಯೆತ್ತುವುದಿಲ್ಲ. ಅವು ತಮ್ಮ ಬೆಳೆಯಲ್ಲಿ ಕಳೆ ನಿಲ್ಲದಂತೆ ನೋಡಿಕೊಳ್ಳುತ್ತವೆ. ಗೂಡು ಖಾಲಿಯಾದ ಕೆಲವೇ ದಿನಗಳಲ್ಲಿ ಪಾಳುಬಿದ್ದ ಹೊಲವನ್ನು ಕಳೆ ಮುಚ್ಚುವಂತೆ ಮುಚ್ಚಿಬಿಡುತ್ತದೆ. ಮಗ ಇದನ್ನು ರಾತ್ರಿ ಓದಿ ತಿಳಿದುಕೊಂಡ. ತಾಯಿಗೆ ಹೇಳಲಿಲ್ಲ.

ಮಣ್ಣೆತ್ತಿನ ಅಮಾವಾಸ್ಯೆ ಬಂದಾಗ ತಾಯಿಯೇ ಚೀಲ ಬಿಚ್ಚಿದರು. ಊರಿನಲ್ಲಿ ಎತ್ತಿಗೆಂದು ಮಣ್ಣು ತರುವಾಗ ಹುತ್ತದ ಮುಂದೆ ಒಂದು ಹಿಡಿ ಸಕ್ಕರೆಯಿಟ್ಟು, ಕೈಮುಗಿದು, ಕೇಳಿ ತರುತ್ತಿದ್ದರು. ಈ ಸಲ ಚೀಲದ ಬಾಯಿಗೇ ಸಕ್ಕರೆ ಇಟ್ಟರು. ಮಗನನ್ನು ಕರೆದು, "ಜಿಗಿ ಬಾಳ ಐತಿ, ನನ್ನ ಕೈಲೆ ಆಗೂದಿಲ್ಲ, ನೀ ತುಳಿ" ಎಂದರು. ಹದಿನೈದು ದಿನಕ್ಕೂ ಮೀರಿ ಬೇಕಾದಷ್ಟೇ ಮಾತಾಡಿದ್ದವರ ಬಾಯಿಂದ ಬಂದ ಉದ್ದನೆಯ ವಾಕ್ಯ ಅದು. ಅವನು ಪ್ಯಾಂಟು ಮಡಚಿ, ಬಚ್ಚಲುಮನೆಯಲ್ಲಿ ಪ್ಲಾಸ್ಟಿಕ್ ಟಬ್ಬಿನಲ್ಲಿ ನಿಂತು ಒಂದು ತಾಸು ತುಳಿದ. ಹುತ್ತದ ಮಣ್ಣು ಹದವಾದ ಮೇಲೆ ಬೆಣ್ಣೆ. ಬಿರುಕು ಬಿಡುವುದಿಲ್ಲ, ಕೊಂಬು ಜೋತು ಬೀಳುವುದಿಲ್ಲ.

ಹದಿಮೂರು ಜೋಡಿ ಎತ್ತುಗಳಾದವು. ಊರಿನಲ್ಲಿ ಮಕ್ಕಳು ಮನೆಮನೆಗೆ ಒಯ್ದಂತೆ ಮೊಮ್ಮಗಳು ಲಿಫ್ಟಿನಲ್ಲಿ ಒಯ್ದಳು. ಪೋಳಾ ಇನ್ನೂ ಎರಡು ತಿಂಗಳಿದೆಯಲ್ಲ ಎಂದರು ಮರಾಠಿಯವರು. ಅವರ ಎತ್ತಿನ ಹಬ್ಬ ಶ್ರಾವಣದ ಅಮಾವಾಸ್ಯೆಗೆ. ಆದರೂ ಹೆಚ್ಚಿನವರು ಇಸಿದುಕೊಂಡರು, ಸೆಕ್ರೆಟರಿಯೂ. ಸಾಗವಾನಿ ಬಾಗಿಲಿನವರು ಬೇಡವೆಂದರು. ಪೂಜೆಯಾದ ಮೇಲೆ ಏನು ಮಾಡಬೇಕೆಂದು ಕೇಳಿದವರಿಗೆಲ್ಲ ಹುಡುಗಿ ಆಯಿಯ ಮಾತನ್ನು ಮರಾಠಿಯಲ್ಲಿ ಒಪ್ಪಿಸಿದಳು: ಎಸೆಯಬೇಡಿ, ಯಾವುದಾದರೂ ಕುಂಡದಲ್ಲಿ ಗಿಡದ ಪಕ್ಕಕ್ಕೆ ಇಡಿ, ಮಳೆಗೆ ತಾನೇ ಕರಗುತ್ತದೆ.

ಮಲ್ಲಿಗೆ ಆ ಮಳೆಗಾಲದಲ್ಲಿ ಚಿಗುರಿತು, ಎಲೆ ಗಾಢವಾಯಿತು. ಶ್ರೇಯಸ್ಸನ್ನು ಬುಡದ ಮಣ್ಣೊಂದಕ್ಕೇ ಕೊಡುವುದು ಸರಿಯಲ್ಲ. ಸೊಸೆ ಈ ನಡುವೆ ಹದಿನೈದು ದಿನಕ್ಕೊಮ್ಮೆ ಶೇಂಗಾ ಹಿಂಡಿ ನೆನೆಸಿ ಹಾಕತೊಡಗಿದ್ದಳು, ಮಳೆಗಾಲಕ್ಕೆ ಯಾವ ಮಲ್ಲಿಗೆಯೂ ಚಿಗುರುತ್ತದೆ. ಹೂವಿನ ಲೆಕ್ಕ ಬೇಸಿಗೆಗೆ ಗೊತ್ತಾಗಬೇಕು.

ಮನೆಯ ಎತ್ತುಗಳು ಮಲ್ಲಿಗೆಯ ಕುಂಡದಲ್ಲಿದ್ದವು. ಕೊಂಬು ಮೊದಲು ಹೋದವು, ಆಮೇಲೆ ಇಣಿ, ಆಮೇಲೆ ಮುಖ. ಪಂಚಮಿಯ ದಿನ ತಾಯಿ ಒಂದು ಬಟ್ಟಲಲ್ಲಿ ಹಾಲು ತಂದು ಆ ಎರಡು ಗುಡ್ಡೆಗಳ ಮೇಲೆ ಎರೆದರು. ಗಂಡನ ಪಾಲು, ಮಗನ ಪಾಲು, ಸೊಸೆಯ ಪಾಲು, ಮೊಮ್ಮಗಳ ಪಾಲು. ಒಂದು ಎತ್ತಿನ ಕಣ್ಣಿಗೆ ಒತ್ತಿದ್ದ ಜೋಳದ ಕಾಳು ಮೊಳೆತು ಗೇಣುದ್ದ ಎದ್ದಿತ್ತು. ಮಗ ಕಳೆಯೆಂದು ಕೀಳಲು ಬಗ್ಗಿದ.

"ಇರಲಿ ಬಿಡ" ಎಂದರು ತಾಯಿ.